ಪದ್ಮಿನಿಯ ಹೆಡ್ಡಿಗೆ ಯಾವ ಗ್ಯಾಸ್ಕೆಟ್?

ಪ್ರೀಮಿಯರ್ ಪದ್ಮಿನಿಯ ಹೆಡ್ ಗ್ಯಾಸ್ಕೆಟ್ ಹೋಯಿತೆಂದರೆ ಗ್ಯಾರೇಜಿನಲ್ಲಿ ಮೊದಲು ಬರುವ ಪ್ರಶ್ನೆ, "ತಾಮ್ರದ್ದು ಹಾಕೋಣವಾ, ಮಾಮೂಲಿದಾ?" ಮಾಲೀಕರು ಬಹುತೇಕ ತಾಮ್ರವನ್ನೇ ಆರಿಸುತ್ತಾರೆ. ಬೆಲೆ ಹೆಚ್ಚು, ನೋಡಲು ಗಟ್ಟಿ, ಮೇಲಾಗಿ ಹಳೆಯ ಕಾಲದ್ದು. ಹಳೆಯ ಕಾರು ಇಟ್ಟುಕೊಂಡವರಲ್ಲಿ ಬೇರೂರಿರುವ ಈ ರೂಢಿ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಗ್ಯಾಸ್ಕೆಟ್ ಯಾವುದೆಂದು ತೀರ್ಮಾನವಾಗಬೇಕಾದದ್ದು ಇಳಿಸಿಟ್ಟ ಹೆಡ್ಡಿನ ಮುಂದೆ, ಫೀಲರ್ ಗೇಜ್ ಹಿಡಿದು ಅಳೆದ ಮೇಲೆ. ಈಗ ಅದು ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನಲ್ಲೇ ಮುಗಿದುಹೋಗುತ್ತಿದೆ.

ಈ ರೂಢಿಯ ಮೂಲ ಅಂಬಾಸಡರ್‌ನಲ್ಲಿದೆ ಎನಿಸುತ್ತದೆ. ಅದರ 1489 ಸಿಸಿ ಪೆಟ್ರೋಲ್ ಎಂಜಿನ್ನಿನಲ್ಲಿ ಬ್ಲಾಕೂ ಬೀಡು ಕಬ್ಬಿಣ, ಹೆಡ್ಡೂ ಬೀಡು ಕಬ್ಬಿಣ. ಬಿಸಿಯಾದಾಗ ಎರಡೂ ಒಂದೇ ಅಳತೆಯಲ್ಲಿ ಹಿಗ್ಗುತ್ತವೆ, ತಣಿದಾಗ ಒಂದೇ ಅಳತೆಯಲ್ಲಿ ಕುಗ್ಗುತ್ತವೆ. ನಡುವೆ ಕಲ್ನಾರು ತುಂಬಿದ ತಾಮ್ರದ ಗ್ಯಾಸ್ಕೆಟ್ ವರ್ಷಗಟ್ಟಲೆ ತೆಪ್ಪಗೆ ಕೂತಿರುತ್ತಿತ್ತು. ಪದ್ಮಿನಿಯ 1089 ಸಿಸಿ ಫಿಯೆಟ್ ಎಂಜಿನ್ ಬೇರೆ ಜಾತಿಯದು. ಬ್ಲಾಕ್ ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡು ಪಟ್ಟು ಹಿಗ್ಗುವ ಲೋಹ. 300 ಮಿಲಿಮೀಟರ್ ಉದ್ದದ ತುಂಡುಗಳನ್ನು ತೆಗೆದುಕೊಂಡು 80 ಡಿಗ್ರಿಯಷ್ಟು ಬಿಸಿ ಏರಿಸಿದರೆ ಅಲ್ಯೂಮಿನಿಯಂ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ಬೆಳೆಯುತ್ತದೆ, ಕಬ್ಬಿಣ ಅದರರ್ಧ. ಉಳಿದ ಕಾಲು ಮಿಲಿಮೀಟರ್ ಅಂತರವನ್ನು ಪ್ರತಿ ಸಲ ಎಂಜಿನ್ ಬಿಸಿಯಾಗಿ ತಣಿದಾಗಲೂ ಗ್ಯಾಸ್ಕೆಟ್ಟೇ ಉಜ್ಜಿಸಿಕೊಂಡು ತಾಳಬೇಕು. ಎತ್ತರದಲ್ಲೂ ಇದೇ ಕಥೆ. ಹೆಡ್ಡು ಉಕ್ಕಿನ ಸ್ಟಡ್‌ಗಳಿಗಿಂತ ಹೆಚ್ಚು ಬೆಳೆಯುವುದರಿಂದ ಬಿಸಿಯಲ್ಲಿ ಗ್ಯಾಸ್ಕೆಟ್ ಇನ್ನಷ್ಟು ಅದುಮಿಸಿಕೊಳ್ಳುತ್ತದೆ, ತಣಿದಾಗ ಬಿಗಿ ಸಡಿಲವಾಗುತ್ತದೆ. ಮತ್ತೆ ಪುಟಿದೇಳುವ ಗುಣವಿಲ್ಲದ ಗ್ಯಾಸ್ಕೆಟ್ ಬೆಳಿಗ್ಗೆ ತಣ್ಣನೆಯ ಎಂಜಿನ್ನಿನಲ್ಲಿ ನೀರು ಬಿಡುವುದು ಇದರಿಂದಲೇ.

ತಾಮ್ರದ ಇನ್ನೊಂದು ದೋಷ ನಿಧಾನವಾದದ್ದು, ಹಾಗಾಗಿ ಹೆಚ್ಚು ಅಪಾಯದ್ದು. ತಾಮ್ರ, ಅಲ್ಯೂಮಿನಿಯಂ, ನಡುವೆ ನೀರು. ಇಷ್ಟಿದ್ದರೆ ಅದೊಂದು ಪುಟ್ಟ ಬ್ಯಾಟರಿ, ಅದರಲ್ಲಿ ಕರಗುವುದು ಅಲ್ಯೂಮಿನಿಯಂ. ರೇಡಿಯೇಟರಿಗೆ ಬೋರ್‌ವೆಲ್ ನೀರು ತುಂಬುವ ನಮ್ಮ ಅಭ್ಯಾಸ ಸೇರಿದರೆ ಹೆಡ್ಡಿನ ನೀರಿನ ದಾರಿಗಳ ಅಂಚು ಗೆದ್ದಲು ತಿಂದಂತೆ ಸವೆದು ಸಿಲಿಂಡರಿನ ಕಡೆಗೆ ಹಬ್ಬುತ್ತದೆ. ಆಮೇಲೆ ಆರ್ಗಾನ್ ವೆಲ್ಡಿಂಗ್ ಮಾಡಿ ತುಂಬಿಸಿ, ಫೇಸಿಂಗ್ ಹೊಡೆಸಿ ಉಳಿಸಿಕೊಳ್ಳಬೇಕು, ಅದೂ ಒಳ್ಳೆಯ ಕೈ ಸಿಕ್ಕಿದರೆ.

ಕಾರಿನ ಬದುಕು ಬದಲಾಗಿರುವುದನ್ನೂ ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮುಂಬೈನ ರಸ್ತೆಗಳಿಂದ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್‌ನಲ್ಲಿ ನಿವೃತ್ತವಾದವು. ಉಳಿದಿರುವ ಕಾರುಗಳು ಹೆಚ್ಚಾಗಿ ಹವ್ಯಾಸಿಗಳ ಮನೆಯಲ್ಲಿವೆ. ಟ್ಯಾಕ್ಸಿಯ ಎಂಜಿನ್ ದಿನವಿಡೀ ಬಿಸಿಯಾಗಿರುತ್ತಿತ್ತು. ಹವ್ಯಾಸಿಯ ಕಾರು ಭಾನುವಾರ ಒಂದು ಸುತ್ತು ಹೋಗಿ ಬಂದು ಮತ್ತೆ ವಾರಗಟ್ಟಲೆ ನಿಲ್ಲುತ್ತದೆ. ನಿಂತ ನೀರಿನಲ್ಲಿ ತುಕ್ಕು ತಡೆಯುವ ಶಕ್ತಿ ಇಲ್ಲದಿದ್ದರೆ ಸವೆತ ನಿಲ್ಲುವುದಿಲ್ಲ. ಟ್ಯಾಕ್ಸಿ ಕಾಲದ ಅನುಭವವನ್ನು ಸಾಕ್ಷಿಯಾಗಿ ಮುಂದಿಟ್ಟು ತಾಮ್ರವನ್ನು ಸಮರ್ಥಿಸುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ.

ಹಳೆ ಸ್ಟಾಕು, ಒರಿಜಿನಲ್ ಎಂದು ಗೌರವದಿಂದ ಮಾರುವ ಗ್ಯಾಸ್ಕೆಟ್‌ಗಳ ಬಗ್ಗೆ ನನ್ನ ಮಾತು ಕಟುವಾಗಿಯೇ ಇರಲಿ: ಕೊಳ್ಳಬೇಡಿ. ಒಳಗಿರುವುದು ಬಹುಪಾಲು ಕಲ್ನಾರು. ದಶಕಗಳ ಕಾಲ ಗೋದಾಮಿನಲ್ಲಿ ಒಣಗಿ ಪುಡಿಯಾಗುವ ಸ್ಥಿತಿಯಲ್ಲಿರುತ್ತದೆ. ಅದರ ಧೂಳು ಕ್ಯಾನ್ಸರ್ ತರುತ್ತದೆ, ಮತ್ತು ಆ ಧೂಳು ಹೋಗುವುದು ಮಾಲೀಕನ ಶ್ವಾಸಕೋಶಕ್ಕಲ್ಲ, ಹಳೆಯದನ್ನು ಕೆರೆದು ತೆಗೆಯುವ ಗ್ಯಾರೇಜಿನ ಹುಡುಗನ ಶ್ವಾಸಕೋಶಕ್ಕೆ. ಈಗಾಗಲೇ ಎಂಜಿನ್ನಿನಲ್ಲಿರುವುದನ್ನು ತೆಗೆಯುವಾಗಲೂ ಒಣಗಿದ್ದನ್ನು ಕೆರೆಯದೆ ನೀರಿನಲ್ಲಿ ನೆನೆಸಿಯೇ ಬಿಡಿಸಬೇಕು.

ಇತ್ತೀಚೆಗೆ ಇನ್ನೊಂದು ತುದಿಯ ಉತ್ಸಾಹವೂ ಕಾಣುತ್ತಿದೆ. ಹೊಸ ಕಾರುಗಳಲ್ಲಿರುವ ಹಲವು ಪದರದ ಉಕ್ಕಿನ ಗ್ಯಾಸ್ಕೆಟ್ಟನ್ನು ಹಳೆಯ ಎಂಜಿನ್ನಿಗೂ ಮಾಡಿಸಿ ಹಾಕುವುದು. ಅದು ನಿಜಕ್ಕೂ ಒಳ್ಳೆಯ ವಸ್ತು. ಸ್ಪ್ರಿಂಗಿನಂತೆ ಪುಟಿಯುತ್ತದೆ, ಹಿಗ್ಗು ಕುಗ್ಗನ್ನು ಚೆನ್ನಾಗಿ ತಾಳುತ್ತದೆ. ಆದರೆ ಅದರ ಮೇಲಿನ ರಬ್ಬರ್ ಲೇಪ ತೀರಾ ತೆಳು. ಎದುರಿಗಿರುವ ಲೋಹದ ಒರಟುತನ 0.8 ಮೈಕ್ರಾನಿನ ಆಸುಪಾಸಿನಲ್ಲಿ ಅಥವಾ ಅದಕ್ಕೂ ಕಡಿಮೆ ಇರಬೇಕು, ಹೆಡ್ಡಿನಲ್ಲೂ, ಬ್ಲಾಕಿನಲ್ಲೂ. ನಮ್ಮಲ್ಲಿ ಹೆಡ್ ಮಾತ್ರ ಫೇಸಿಂಗಿಗೆ ಹೋಗುತ್ತದೆ. ಬ್ಲಾಕ್ ಕಾರಿನಲ್ಲೇ ಉಳಿದು ಎಮೆರಿ ಪೇಪರಿನ ಉಜ್ಜುವಿಕೆಗಷ್ಟೇ ಒಳಗಾಗುತ್ತದೆ. ಎಂಜಿನ್ ಪೂರ್ತಿ ಇಳಿಸಿ ಬ್ಲಾಕಿನ ಮುಖವನ್ನೂ ನುಣುಪಾಗಿಸುವ ತಯಾರಿ ಇಲ್ಲದವರಿಗೆ ಈ ಗ್ಯಾಸ್ಕೆಟ್ ದಂಡದ ಖರ್ಚು.

ಹಾಗಾದರೆ ಉಳಿದದ್ದು, ಉಕ್ಕಿನ ಹಾಳೆಯ ಎರಡೂ ಬದಿಗೆ ಗ್ರಾಫೈಟ್ ಅಂಟಿಸಿ, ಸಿಲಿಂಡರಿನ ಸುತ್ತ ಉಕ್ಕಿನ ಉಂಗುರ ಕೂರಿಸಿದ ಗ್ಯಾಸ್ಕೆಟ್. ನಮ್ಮ ಗ್ಯಾರೇಜುಗಳ ಫೇಸಿಂಗಿಗೆ, ಹಳೆಯ ಬ್ಲಾಕಿನ ಸಣ್ಣ ಗೀರುಗಳಿಗೆ ಹೊಂದಿಕೊಳ್ಳುವ ಗುಣ ಇದಕ್ಕಿದೆ. ಗ್ರಾಫೈಟ್ ಹೆಡ್ಡಿನ ಮೇಲೂ ಬ್ಲಾಕಿನ ಮೇಲೂ ಜಾರುವುದರಿಂದ ಆ ಕಾಲು ಮಿಲಿಮೀಟರ್ ಉಜ್ಜಾಟವೂ ಇದನ್ನು ಹರಿಯುವುದಿಲ್ಲ. ದೋಷವಿಲ್ಲವೆಂದಲ್ಲ. ಗ್ರಾಫೈಟ್ ಕೂಡ ಅಲ್ಯೂಮಿನಿಯಂ ಅನ್ನು ಸವೆಸಬಲ್ಲದು, ಆದ್ದರಿಂದ ಅಲ್ಯೂಮಿನಿಯಂಗೆ ತಕ್ಕ ಕೂಲಂಟ್ ಕಡ್ಡಾಯ. ದಪ್ಪವನ್ನೂ ನೋಡಿಕೊಳ್ಳಬೇಕು. 68 ಮಿಲಿಮೀಟರ್ ಬೋರಿನಲ್ಲಿ ಗ್ಯಾಸ್ಕೆಟ್ ಅರ್ಧ ಮಿಲಿಮೀಟರ್ ದಪ್ಪವಾದರೆ ಪ್ರತಿ ಸಿಲಿಂಡರಿಗೆ 1.8 ಸಿಸಿ ಜಾಗ ಹೆಚ್ಚುತ್ತದೆ. 7.8 ಇದ್ದ ಕಂಪ್ರೆಶನ್ 7.5ಕ್ಕೆ ಇಳಿಯುತ್ತದೆ. ಹಲವು ಸಲ ಫೇಸಿಂಗ್ ಆಗಿ ತೆಳುವಾದ ಹೆಡ್ಡಿಗೆ ಈ ಹೆಚ್ಚುವರಿ ದಪ್ಪವೇ ವರವಾಗಬಹುದು, ಹೊಡೆಸದ ಹೆಡ್ಡಿಗೆ ಎಳೆತ ಕಡಿಮೆಯಾಗುತ್ತದೆ. ಅಳೆಯದೆ ಇದು ತಿಳಿಯುವ ಬಗೆಯೇ ಇಲ್ಲ.

ಟಾರ್ಕ್ ರೆಂಚ್ ಇಲ್ಲದ ಗ್ಯಾರೇಜಿನಲ್ಲಿ ಇವೆಲ್ಲ ವ್ಯರ್ಥ. ಮತ್ತೆ ಬಿಗಿಯಬೇಕಾದ ಬಗೆಯ ಗ್ಯಾಸ್ಕೆಟ್ ಆದರೆ ಎಂಜಿನ್ ಪೂರ್ತಿ ತಣಿದ ಮೇಲೆಯೇ ಬಿಗಿಯಬೇಕು. ಅಲ್ಯೂಮಿನಿಯಂ ಹಿಗ್ಗಿರುವಾಗ ರೆಂಚ್ ತೋರಿಸುವ ಅಂಕಿ ನಂಬುವಂಥದ್ದಲ್ಲ.

ಫೇಸಿಂಗಿನ ವಿಷಯದಲ್ಲಿ ನನ್ನ ಆಕ್ಷೇಪ ಎಲ್ಲಕ್ಕಿಂತ ದೊಡ್ಡದು. ಹೆಡ್ ಇಳಿಸಿದ ಪ್ರತಿ ಸಲವೂ ಅಭ್ಯಾಸಬಲದಿಂದ ಒಂದು ಕಟ್ ಹೊಡೆಸುತ್ತಾರೆ. ಉದ್ದಕ್ಕೂ ಇಟ್ಟ ನೇರ ಪಟ್ಟಿಯ ಕೆಳಗೆ ಫೀಲರ್ ಗೇಜಿನ 0.05 ಮಿಲಿಮೀಟರಿನ ಎಲೆ ಎಲ್ಲೂ ತೂರದಿದ್ದರೆ, ನೀರಿನ ದಾರಿಯ ಅಂಚು ಚೆನ್ನಾಗಿದ್ದರೆ, ಆ ಹೆಡ್ಡನ್ನು ಮುಟ್ಟಬಾರದು. ಪದ್ಮಿನಿ ತಯಾರಾಗುವುದು ನಿಂತು ಎರಡು ದಶಕ ದಾಟಿದೆ, ಕೆರೆದು ಹೋದ ಲೋಹ ಮತ್ತೆ ಬರುವುದಿಲ್ಲ. ಮಾಲೀಕರಲ್ಲಿ ನನ್ನ ಕೋರಿಕೆ ಇಷ್ಟೆ: ಮುಂದಿನ ಸಲ ಹೆಡ್ ಇಳಿಸಿದಾಗ ಅದರ ಎತ್ತರವನ್ನು ವರ್ನಿಯರ್‌ನಲ್ಲಿ ಅಳೆಸಿ, ಹಾಕಿದ ಗ್ಯಾಸ್ಕೆಟ್ಟಿನ ದಪ್ಪದ ಜೊತೆಗೆ ಬಿಲ್ಲಿನಲ್ಲೇ ಬರೆಸಿಕೊಳ್ಳಿ, ಆ ಬಿಲ್ಲನ್ನು ಆರ್‌ಸಿಯೊಂದಿಗೆ ಜೋಪಾನವಾಗಿಡಿ.