ನಡಾವಳಿ ಪುಸ್ತಕದಲ್ಲಿ ಇಲ್ಲದ ಮಾತು

ಜನರು ಒಂದೆಡೆ ಸೇರುವುದನ್ನೂ ಸಭೆಯೆನ್ನುತ್ತೇವೆ. ಸೇರಿದವರು ವಿಚಾರ ಮಾಡಿ ನಿರ್ಣಯಕ್ಕೆ ಬರುವುದನ್ನೂ ಸಭೆಯೆನ್ನುತ್ತೇವೆ. ಮೊದಲನೆಯದು ನಡೆದ ಮಾತ್ರಕ್ಕೆ ಎರಡನೆಯದೂ ನಡೆಯಿತೆಂದು ತಿಳಿಯುವುದು ಭ್ರಮೆ. ವಾಚಕರು ತಮ್ಮ ಊರಿನ ಸರಕಾರಿ ಶಾಲೆಯ ನಡಾವಳಿ ಪುಸ್ತಕವನ್ನೊಮ್ಮೆ ತೆರೆದು ನೋಡಲಿ. ಯಾರು ಬಂದಿದ್ದರು, ಏನು ತೀರ್ಮಾನವಾಯಿತು ಎಂಬುದು ಅಲ್ಲಿ ಸಿಕ್ಕೀತು. ಯಾರು ಏನು ಹೇಳಿದರು ಎಂಬುದು ಸಿಕ್ಕುವುದು ಅಪರೂಪ.

ನಮ್ಮ ರಾಜ್ಯ ಈ ದಿಸೆಯಲ್ಲಿ ಹಿಂದೆ ಬಿದ್ದುದಲ್ಲ. ಡಾ. ರಾಜಾ ರಾಮಣ್ಣನವರ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಶಿಫಾರಸನ್ನು ಅನುಸರಿಸಿ 2001ರಲ್ಲಿಯೇ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಅಸ್ತಿತ್ವಕ್ಕೆ ಬಂದವು. ಅನಂತರ ಬಂದ 2009ರ ಶಿಕ್ಷಣ ಹಕ್ಕು ಕಾಯಿದೆಯ 21ನೆಯ ಪ್ರಕರಣವು ಇಂಥ ಸಮಿತಿಯ ಸದಸ್ಯರಲ್ಲಿ ಕನಿಷ್ಠ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳು ಅಥವಾ ಪೋಷಕರು ಇರಬೇಕೆಂದಿತು, ಅರ್ಧದಷ್ಟು ಮಹಿಳೆಯರಿರಬೇಕೆಂದಿತು, ಹಿಂದುಳಿದ, ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನ ಸಲ್ಲಬೇಕೆಂದಿತು. ಶಾಲೆಯ ಬಾಗಿಲ ಹೊರಗೆ ನಿಂತು ಮಗುವಿಗಾಗಿ ಕಾಯುತ್ತಿದ್ದ ತಾಯಿಯನ್ನು ಒಳಗೆ ಕರೆದು ಕುರ್ಚಿ ಕೊಟ್ಟ ಈ ಕಾಯಿದೆಯ ಹಿರಿಮೆಯನ್ನು ಅಲ್ಲಗಳೆಯುವಂತಿಲ್ಲ.

ಆದರೆ ಕುರ್ಚಿಯನ್ನು ಎಣಿಸಿದ ಆ ಪ್ರಕರಣ ಮಾತನ್ನು ಎಣಿಸಲಿಲ್ಲ. 2010ರ ಕೇಂದ್ರ ಮಾದರಿ ನಿಯಮಗಳು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು, ನಿರ್ಣಯಗಳನ್ನು ಬರೆದಿಟ್ಟು ಸಾರ್ವಜನಿಕರಿಗೆ ತೋರಬೇಕು ಎನ್ನುತ್ತವೆ. ಮುಖ್ಯೋಪಾಧ್ಯಾಯರನ್ನೇ ಸದಸ್ಯ ಸಂಚಾಲಕರನ್ನಾಗಿ ಮಾಡುತ್ತವೆ. ಅಧ್ಯಕ್ಷರು ಪೋಷಕರೇ ಆಗಿದ್ದರೂ ವಿಷಯ ಸೂಚಿಸುವವರು, ವಿವರಿಸುವವರು, ಬರೆಯುವವರು ಸಾಮಾನ್ಯವಾಗಿ ಒಬ್ಬರೇ. ಉತ್ತರವನ್ನು ಮೊದಲೇ ಬಲ್ಲವರು ಪ್ರಶ್ನೆ ಕೇಳಿದರೆ ಉಳಿದವರಿಗೆ ತಲೆಯಾಡಿಸುವುದಲ್ಲದೆ ಬೇರೆ ಕೆಲಸವೇನು?

ಬೆಂಗಳೂರಿನ ಪಶ್ಚಿಮದ ಲಗ್ಗೆರೆಯನ್ನು ನೆನೆಯಿರಿ. ಒಂದು ಕಾಲಕ್ಕೆ ಹಳ್ಳಿಯಾಗಿದ್ದು, ಪೀಣ್ಯದ ಕಾರ್ಖಾನೆಗಳ ನೆರೆಯಲ್ಲಿ ದುಡಿಯುವವರ ಬಡಾವಣೆಯಾಗಿ ಬೆಳೆದ ಸ್ಥಳವದು. ಅಲ್ಲಿಯ ಶಾಲೆಯೊಂದರಲ್ಲಿ ಬೆಳಗಿನ ಹನ್ನೊಂದು ಗಂಟೆಗೆ ಸಭೆ ಕರೆದರೆಂದು ಭಾವಿಸೋಣ. ಗಾರ್ಮೆಂಟ್ಸಿಗೆ ಹೋಗುವ ತಾಯಿ ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದಾಳೆ. “ಬಂದ ಹಣದಲ್ಲಿ ಕಾಂಪೌಂಡಿಗೆ ಬಣ್ಣ ಹೊಡೆಸೋಣ, ಆಗಬಹುದಲ್ಲವೇ?” ಎಂಬ ಪ್ರಶ್ನೆ ಬರುತ್ತದೆ. “ಆಗಬಹುದು ಸಾರ್” ಎಂದು ಎಲ್ಲರೂ ಸಹಿ ಹಾಕುತ್ತಾರೆ. ಶೌಚಾಲಯದಲ್ಲಿ ನೀರಿಲ್ಲವೆಂದು ತನ್ನ ಮಗಳು ಇಡೀ ದಿನ ನೀರು ಕುಡಿಯದೆ ಇರುತ್ತಾಳೆಂಬ ಸಂಗತಿ ಆ ತಾಯಿಗೆ ಗೊತ್ತಿದೆ. ಆದರೆ ಅದನ್ನು ಯಾರೂ ಅವಳಲ್ಲಿ ಕೇಳಲಿಲ್ಲ. ಗಂಡಸರ ನಡುವೆ ತಾನಾಗಿ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಗೋಡೆಗೆ ಬಣ್ಣ ಬರುತ್ತದೆ. ಹುಡುಗಿಯ ಬಾಯಾರಿಕೆ ಉಳಿಯುತ್ತದೆ.

ಓದುಬರಹ ಬಾರದವರಿಂದ ಶಾಲೆಯ ವಿಚಾರ ನಡೆದೀತೇ ಎಂದು ಕೆಲವರು ಆಕ್ಷೇಪಿಸುವುದುಂಟು. ಪಾಠದ ವಿಚಾರ ಶಿಕ್ಷಕರಿಗೆ ತಿಳಿದಿರುತ್ತದೆ; ಮಗುವಿನ ಹಸಿವು, ಭಯ, ಗೈರುಹಾಜರಿಯ ಕಾರಣ ಮನೆಯವರಿಗೆ ತಿಳಿದಿರುತ್ತದೆ. ಇವೆರಡೂ ಕೂಡಿದಲ್ಲದೆ ನಿರ್ಣಯ ಪೂರ್ಣವಾಗದು. ಮುಖ್ಯೋಪಾಧ್ಯಾಯರನ್ನು ದೂರುವುದೂ ನ್ಯಾಯವಲ್ಲ. ಪಾಠ, ಬಿಸಿಯೂಟ, ಲೆಕ್ಕಪತ್ರ, ಮೇಲಿನವರು ಕೇಳುವ ಅಂಕಿಅಂಶ ಎಲ್ಲವನ್ನೂ ಹೊತ್ತವರ ಮೇಲೆ ಸಂವಾದ ನಡೆಸುವ ಭಾರವನ್ನೂ ಹೊರಿಸಿದ್ದು ವ್ಯವಸ್ಥೆಯ ದೋಷ.

ಸಂವಾದ ನಡೆಸುವುದು ಒಂದು ವಿದ್ಯೆ. ಅದರ ಮಾದರಿ ಕನ್ನಡಿಗರಿಗೆ ಅಪರಿಚಿತವಲ್ಲ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲು ಸಂಕಲಿಸಿದ ಶೂನ್ಯಸಂಪಾದನೆ ಸಂವಾದದ ರೂಪದಲ್ಲಿಯೇ ಇದೆ. ಅಲ್ಲಿ ಪ್ರಭುದೇವರು ಅಕ್ಕಮಹಾದೇವಿಯನ್ನು ಕಠಿಣವಾಗಿಯೇ ಪ್ರಶ್ನಿಸುತ್ತಾರೆ. ಆಕೆಯ ಉತ್ತರವನ್ನು ತಾವು ಹೇಳುವುದಿಲ್ಲ. ಆಕೆ ಹೇಳುತ್ತಾಳೆ, ಶರಣರು ಕೇಳುತ್ತಾರೆ. ಅದು ಅನುಭಾವದ ಪರೀಕ್ಷೆ, ಇದು ಶಾಲೆಯ ವ್ಯವಹಾರ. ಎರಡನ್ನೂ ಸಮಗಟ್ಟುವುದು ಸಲ್ಲದು. ಆದರೆ ಕೇಳುವವನು ಉತ್ತರವನ್ನು ಇನ್ನೊಬ್ಬರ ಬಾಯಿಗೆ ಇಡಬಾರದೆಂಬ ಮರ್ಯಾದೆ ಎರಡು ಕಡೆಗೂ ಒಂದೇ.

ಆದುದರಿಂದ ನಿರ್ಣಯದಲ್ಲಿ ಮತವಿಲ್ಲದ, ಹಣದಲ್ಲಿ ಸಂಬಂಧವಿಲ್ಲದ ಒಬ್ಬರು, ನಿವೃತ್ತ ಶಿಕ್ಷಕರೋ ನೆರೆಯ ಶಾಲೆಯವರೋ, ಮಾತನ್ನು ನಡೆಸಿಕೊಡಲಿ. ಸಭೆ ದುಡಿಯುವವರ ಬಿಡುವಿನ ವೇಳೆಗೆ ಸೇರಲಿ. “ಇದು ಆಗಬಹುದೇ?” ಎನ್ನುವುದಕ್ಕೆ ಮೊದಲು “ಮಕ್ಕಳಿಗೆ ತೊಂದರೆ ಏನಿದೆ?” ಎಂದು ಕೇಳಲಿ. ತಾಯಂದಿರು ಮೊದಲು ತಮ್ಮತಮ್ಮಲ್ಲೇ ಕುಳಿತು ಮಾತನಾಡಲಿ. ಆಮೇಲೆ ಒಬ್ಬೊಬ್ಬರಿಗೂ ಸರದಿ ಬರಲಿ. ಮುಖ್ಯೋಪಾಧ್ಯಾಯರು ಕಡೆಯಲ್ಲಿ ಮಾತನಾಡಲಿ. ಸಹಿಗೆ ಮೊದಲು ಬರೆದುದನ್ನು ಗಟ್ಟಿಯಾಗಿ ಓದಲಿ. ಒಪ್ಪದವರ ಮಾತನ್ನೂ ಬರೆಯಲಿ.

ಇದಕ್ಕೆ ಹೊಸ ಕಾಯಿದೆ ಬೇಕಿಲ್ಲ. ವಾಚಕರಲ್ಲಿ ಎಷ್ಟೋ ಮಂದಿ ಇಂಥ ಸಮಿತಿಗಳ ಸದಸ್ಯರಿರಬಹುದು. ಮುಂದಿನ ಸಭೆಯಲ್ಲಿ ಪುಸ್ತಕ ತಮ್ಮ ಮುಂದೆ ಬಂದಾಗ, ಸಹಿ ಹಾಕುವ ಮೊದಲು, ಇನ್ನೂ ಬಾಯಿ ತೆರೆಯದವರು ಯಾರೆಂದು ಒಮ್ಮೆ ಸುತ್ತ ನೋಡಲಿ. ಅವರ ಮಾತನ್ನು ಕೇಳಿದ ಮೇಲೆ ಸಹಿ ಹಾಕಲಿ.