ಕಾಗದ ಬದಿಗಿಟ್ಟ ಮೇಲೆ

ಕನ್ನಡಕೂಟದ ವೇದಿಕೆಯಲ್ಲಿ ಒಮ್ಮೆ ನಾಲ್ಕು ಪುಟ ಓದಿ ತಲೆಯೆತ್ತಿದೆ. ಮುಂದಿನ ಸಾಲಿನ ಮಕ್ಕಳು ಎದ್ದು ಹೋಗಿದ್ದರು. ಬರೆದದ್ದೇ ಅವರಿಗಾಗಿ!

ಮೊನ್ನೆ ಮಾರ್ಟಿನ್ ಲೂಥರ್ ಕಿಂಗ್ 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ಮಾಡಿದ ಭಾಷಣವನ್ನು ಮತ್ತೆ ಕೇಳಿದೆ. ಮೊದಲ ಭಾಗ ಬರೆದು ತಂದದ್ದು; ಅಚ್ಚುಕಟ್ಟಾಗಿದೆ, ಆದರೆ ಓದಿದಂತಿದೆ. ಕನಸಿನ ಬಗ್ಗೆ ಹೇಳುವಂತೆ ಗಾಯಕಿ ಮಹಾಲಿಯಾ ಜಾಕ್ಸನ್ ಕೂಗಿದರೆಂದು ಹತ್ತಿರವಿದ್ದವರು ನೆನೆದಿದ್ದಾರೆ. ಕಿಂಗ್ ಕಾಗದ ಬಿಟ್ಟು, ನೆರೆದಿದ್ದ ಸುಮಾರು ಎರಡೂವರೆ ಲಕ್ಷ ಜನರೊಡನೆ ಮಾತಿಗಿಳಿದರು.

ಇದನ್ನು ಬರೀ ಆಶುಭಾಷಣವೆಂದು ಹೊಗಳಿದರೆ ಅರ್ಧಸತ್ಯ. ಆ ಕನಸಿನ ಮಾತನ್ನು ಅವರು ಜೂನ್‌ನಲ್ಲೇ ಡೆಟ್ರಾಯಿಟ್‌ನಲ್ಲಿ ಆಡಿದ್ದರು. ತಯಾರಿ ಮೊದಲೇ ಇತ್ತು. ಯಾವಾಗ ಆಡಬೇಕೆಂಬುದನ್ನು ಸಭೆ ಹೇಳಿತು.

ನಾನು ತಯಾರಾಗಿದ್ದೆ, ಸಭೆಯತ್ತ ನೋಡಿರಲಿಲ್ಲ. ಮುಂದಿನ ಯುಗಾದಿಗೆ ಒಂದೇ ಚೀಟಿ ಒಯ್ಯುತ್ತೇನೆ. ನೀವೇನಂತೀರಿ?