ಜಗಲಿಯ ಬಟ್ಟೆ ಕುರ್ಚಿ

ಮಲೆನಾಡಿನ ಹಳೆಯ ಮನೆಗಳ ಜಗಲಿಯಲ್ಲಿ ಕಾಣುವ ಬಟ್ಟೆಯ ಆರಾಮಕುರ್ಚಿಯಷ್ಟು ಮೈಯನ್ನು ಅರಿತ ಆಸನ ಇನ್ನೊಂದಿಲ್ಲ. ಸ್ಪ್ರಿಂಗಿಲ್ಲ, ದಿಂಬಿಲ್ಲ. ಮರದ ಚೌಕಟ್ಟು, ಎರಡು ಕೋಲು, ಉದ್ದನೆಯ ಒಂದು ಬಟ್ಟೆ. ಬಟ್ಟೆಯ ಎರಡೂ ತುದಿಗಳನ್ನು ಮಡಚಿ ಹೊಲಿದು, ಆ ಸಂದಿಯಲ್ಲಿ ಕೋಲು ತೂರಿಸಿದರೆ ಮುಗಿಯಿತು. ಕುಳಿತವರ ಭಾರವೇ ಅದನ್ನು ಬಿಗಿದು ಹಿಡಿಯುತ್ತದೆ. ಬೆನ್ನು ಎಲ್ಲಿ ಬಾಗಿದೆಯೋ ಬಟ್ಟೆಯೂ ಅಲ್ಲೇ ಬಾಗುತ್ತದೆ.

ಬಟ್ಟೆಯ ಆಯ್ಕೆಯೇ ಮುಖ್ಯ. ದಪ್ಪ ನೂಲಿನ, ಒತ್ತಾಗಿ ನೇಯ್ದ ಹತ್ತಿಯ ಕ್ಯಾನ್ವಾಸ್ ಬೇಕು. ಹಾಸಿನ ಎಳೆಗಳು ಕೋಲಿನಿಂದ ಕೋಲಿಗೆ ಉದ್ದಕ್ಕೆ ಬರುವಂತೆ ಕತ್ತರಿಸಬೇಕು. ಎಷ್ಟೋ ಸಲ ಮೊದಲು ಸೋಲುವುದು ಬಟ್ಟೆಯಲ್ಲ, ಕೋಲಿನ ಬಳಿಯ ಹೊಲಿಗೆ. ಅಲ್ಲಿ ಪಾಲಿಯೆಸ್ಟರ್ ದಾರದಲ್ಲಿ ಎರಡು ಸಾಲು ಹಾಕಿಸಿ. ಹತ್ತಿಯ ದಾರ ತೇವಕ್ಕೆ ಕೊಳೆಯುತ್ತದೆ.

ಈಗ ಅಂಗಳದ ಅಲ್ಯೂಮಿನಿಯಂ ಕುರ್ಚಿಗಳಿಗೆ ಪಿವಿಸಿ ಲೇಪಿಸಿದ ಪಾಲಿಯೆಸ್ಟರ್ ಜಾಲರಿ ಬಂದಿದೆ. ನೀರು ಹೀರುವುದಿಲ್ಲ, ಬೇಗ ಒಣಗುತ್ತದೆ. ಬಯಲಿಗೆ ಅದೇ ಸರಿ. ನೆರಳಿನ ಜಗಲಿಗೆ ಮಾತ್ರ ನನ್ನ ಮತ ಹತ್ತಿಗೇ. ಬರಿಮೈಗೆ ಅದರಷ್ಟು ಹಿತ ಬೇರೆಯದಿಲ್ಲ.

ಜಗಲಿಯಲ್ಲಿ ಹತ್ತಿಗೆ ಬಿಸಿಲಿಗಿಂತ ದೊಡ್ಡ ಶತ್ರು ಮಳೆಗಾಲದ ಬೂಷ್ಟು. ಆಗಾಗ ಒಣ ಬ್ರಷ್ಷಿನಿಂದ ಉಜ್ಜಿ, ಗಾಳಿಗೆ ಹರವಿ. ತಲೆ ಒರಗುವಲ್ಲಿ ಕೂತ ಎಣ್ಣೆಜಿಡ್ಡಿಗೆ ಅಂಟುವಾಳದ ನೊರೆ ಸಾಕು. ಬ್ಲೀಚು ಬೇಡವೇ ಬೇಡ, ಅದು ನೂಲಿನ ಕಸುವನ್ನೇ ತೆಗೆಯುತ್ತದೆ. ತೇವವಿದ್ದಾಗ ಮಡಚಿಡಬೇಡಿ. ನಿಮ್ಮ ಅಟ್ಟದಲ್ಲಿ ಬಟ್ಟೆ ಹರಿದ ಇಂಥ ಚೌಕಟ್ಟೊಂದು ಬಿದ್ದಿದ್ದರೆ ದಯವಿಟ್ಟು ಒಲೆಗೆ ಹಾಕಬೇಡಿ, ಇಳಿಸಿ ಹೊಸ ಬಟ್ಟೆ ಹೊಲಿಸಿ.